ಬಲೂನು ಉಬ್ಬಿದರೆ ಮಾತ್ರ ಸೈನ್ಸು

ಮೊನ್ನೆ ಭಾನುವಾರ ಮಸ್ಕಿಯ ತವರುಮನೆಯಲ್ಲಿ ನಾಲ್ಕು ಜನ ಒಂದು ಸಾಸ್ ಬಾಟಲಿಯನ್ನು ದಿಟ್ಟಿಸುತ್ತ ಕೂತಿದ್ದೆವು. ಬಾಟಲಿಯ ಬಾಯಿಗೆ ಕೆಂಪು ಬಲೂನು. ಅದು ಉಬ್ಬಿದರೆ ನನ್ನ ಅಣ್ಣನ ಮಗಳು ಮಹಾದೇವಿ ಪಿಯುಸಿಯಲ್ಲಿ ಸೈನ್ಸ್ ಓದುತ್ತಾಳೆ. ಉಬ್ಬದಿದ್ದರೆ ಇಲ್ಲ.

ಹೀಗೂ ಅಡ್ಮಿಷನ್ ಆಗುತ್ತದೆಯೇ ಅಂತೀರಾ? ನಮ್ಮಣ್ಣನನ್ನು ನೀವು ನೋಡಿಲ್ಲ.

ಸೈನ್ಸ್ ಅಂದರೆ ದಿನಾ ಸಿಂಧನೂರಿನ ಬಸ್ಸು. ಅದಕ್ಕೇ ಅವನ ತಕರಾರು. ಹುಡುಗಿ ಹಟ ಹಿಡಿದಾಗ ಷರತ್ತು ಹಾಕಿದ: “ಪುಸ್ತಕದಾಗಿಂದು ಒಂದರ ಮಾಡಿ ತೋರ್ಸು. ಆತಂದ್ರ ಸಿಂಧನೂರು. ಆಗ್ಲಿಲ್ಲಂದ್ರ ಬಾಯಿ ಮುಚ್ಕೊಂಡು ಇಲ್ಲೇ ಆರ್ಟ್ಸ್.” (ಇವಳ ಅಣ್ಣ ಸೈನ್ಸ್ ಸೇರುವಾಗ ಬಾಟಲಿಯೂ ಇರಲಿಲ್ಲ, ಬಲೂನೂ ಇರಲಿಲ್ಲ.)

ಮಹಾದೇವಿ ಬೇಕರಿಯಿಂದ ಯೀಸ್ಟ್ ತಂದಳು. ಸಕ್ಕರೆ ಬೆರೆಸಿದಳು. “ಅತ್ತೀ, ಒಂದೀಟು ಬೆಚ್ಚನ್ ನೀರು ಹಾಕ್ಕೊಂಡು ಬರ್ರಿ” ಎಂದು ಬಾಟಲಿ ಕೊಟ್ಟಳು. ಲಿಂಗಸುಗೂರಿನಿಂದ ಬಂದ ಅತ್ತೆ ನಾನು, ಸುಮ್ಮನೆ ಹಾಕುತ್ತೇನೆಯೇ? ಕಾಲುವೆ ನೀರಿನ ಸೀಮೆಯವರು ನಾವು, ಏನಿದ್ದರೂ ಕುದಿಸಿಯೇ ಮುಂದಿನ ಮಾತು. ಅಡುಗೆಮನೆಯಲ್ಲಿ ಕೊತಕೊತ ಕುದಿಸಿ, ಹಾಗೇ ಸುರಿದುಬಿಟ್ಟೆ.

ಬಲೂನು ಹಬೆಗೆ ಕೊಂಚ ತಲೆ ಎತ್ತಿತು. ಆಮೇಲೆ ಜೋತುಬಿತ್ತು. ಅರ್ಧ ಗಂಟೆಯಾದರೂ ಹಾಗೇ ಇತ್ತು.

“ಮುಗೀತಿಲ್ಲೋ?” ಅಣ್ಣ ಎದ್ದ. “ಒಂದು ಪುಗ್ಗಾ ಉಬ್ಸಾಕ ಬರಂಗಿಲ್ಲ, ಸೈನ್ಸ್ ಓದ್ತಾಳಂತ!”

ಹುಡುಗಿಯ ಕಣ್ಣು ತುಂಬಿದವು.

ಅಷ್ಟರಲ್ಲಿ ನಮ್ಮವ್ವ ಬಾಟಲಿ ಮುಟ್ಟಿ ಕೈ ಹಿಂತೆಗೆದಳು. “ಯವ್ವಾ, ಇನ್ನಾ ಸುಡಾಕತ್ತೈತಲ್ಲ! ಹಾಲಿಗೆ ಹೆಪ್ಪು ಹಾಕೋ ಮುಂದ ಕಿರುಬೆಳ್ಳು ಇಟ್ಟು ನೋಡಂಗಿಲ್ಲೇನು? ಕುದಿಯೋದ್ರಾಗ ಹಾಕಿದ್ರ ಹೆಪ್ಪು ಹಿಡೀತದೇನು?”

ಮಹಾದೇವಿ ಧಡಕ್ಕನೆ ಎದ್ದಳು. “ಹೌದಜ್ಜೀ! ಕುದಿಯೋ ನೀರಿಗೆ ಎಂಜೈಮ್ ಕೆಟ್ಟು ಹೋಗ್ತಾವ. ಯೀಸ್ಟ್ ಸತ್ತೈತಿ!”

ಎರಡನೇ ಬಾಟಲಿ. ಈ ಸಲ ಅವ್ವನ ಕಿರುಬೆರಳೇ ಥರ್ಮಾಮೀಟರು. ಸ್ವಲ್ಪ ಹೊತ್ತಿಗೆ ನೊರೆ ಬಂತು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಬಲೂನು ನೆಟ್ಟಗೆ ಎದ್ದು ನಿಂತಿತ್ತು!

ಈಗ ಅಣ್ಣನಿಗೇ ತಡೆಯಲಾಗಲಿಲ್ಲ. “ಊದಿದೋರು ಯಾರು ಇದನ್ನ?” ಯೀಸ್ಟಿನ ಎಂಜೈಮುಗಳು ಸಕ್ಕರೆಯನ್ನು ಒಡೆಯುತ್ತವೆ, ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಜೊತೆಗೆ ಚೂರು ಆಲ್ಕೋಹಾಲು, ಇದೇ ಅದರ ಉಸಿರಾಟ, ಇದಕ್ಕೆ ಆಮ್ಲಜನಕವೇ ಬೇಡ ಎಂದು ಮಗಳು ವಿವರಿಸಿದಳು. (ಆಲ್ಕೋಹಾಲು ಅಂದ ಕೂಡಲೇ ಅವ್ವ ಬಾಟಲಿಯನ್ನು ದೇವರ ಜಗಲಿಯಿಂದ ದೂರ ಇಡಿಸಿದಳು.)

“ಆಮ್ಲಜನಕ ಇಲ್ದನ ಉಸಿರಾಟ? ಖರೇನ?” ಅಣ್ಣ ಬಾಟಲಿಗೆ ಕಿವಿ ಹಚ್ಚಿ ಕೂತ. ಆ ಮುಖದಲ್ಲಿ ಅಷ್ಟು ಕುತೂಹಲವನ್ನು ನಾನು ಕಂಡದ್ದೇ ಇಲ್ಲ.

ಅರ್ಜಿ ತುಂಬಿದ್ದಾಯಿತು. ಮಹಾದೇವಿ ಸಿಂಧನೂರಿಗೆ ಹೋಗುತ್ತಾಳೆ.

ನನಗೊಂದೇ ಕಸಿವಿಸಿ. ಕುದಿಯುವ ನೀರು ಸುರಿದವಳು ನಾನು, ಬೈಸಿಕೊಂಡವಳು ಅವಳು. ಕಾರಣ ಗೊತ್ತಾದ ಮೇಲೂ ನಾನು ತುಟಿ ಬಿಚ್ಚಲಿಲ್ಲ. ಅವಳೂ ನನ್ನ ಹೆಸರು ಹೇಳಲಿಲ್ಲ.

ಎರಡನೇ ಬಾಟಲಿಯೂ ಕೈಕೊಟ್ಟಿದ್ದರೆ, ಆಗಲಾದರೂ ನಾನು ಬಾಯಿ ಬಿಡುತ್ತಿದ್ದೆನೇ?