ಒಂಬತ್ತನೇ ಹಾಸಿಗೆಗೆ ಯಾರ ಕೈ

ನಮ್ಮ ಆಸ್ಪತ್ರೆಯಲ್ಲಿ ರೋಗಿಗಳನ್ನು ಗಾಡಿಯ ಮೇಲೆ ಮಲಗಿಸಿ, ವಾರ್ಡಿನಿಂದ ಆಪರೇಷನ್ ಕೋಣೆಯವರೆಗೆ ತಳ್ಳಿಕೊಂಡು ಹೋಗುವವರು ಇಬ್ಬರೇ. ಅವನೊಬ್ಬ, ನಾನೊಬ್ಬ. ಅವನಿಗೆ ಎಲ್ಲರೂ ಇಟ್ಟ ಹೆಸರು ಕೈಗುಣ. ನನಗೆ ಇಟ್ಟದ್ದು ಅಡ್ಡಬೆಕ್ಕು. ಎದುರಿಗೆ ಹಾಗೆ ಕರೆಯುವುದಿಲ್ಲ ನಿಜ, ಆದರೆ ನಾನೇನು ಕಿವಿ ಬಾಡಿಗೆಗೆ ಕೊಟ್ಟಿದ್ದೇನೆಯೇ?

ಹೆಸರು ಬಂದ ಬಗೆ ಸರಳ. ಅವನು ತಳ್ಳಿಕೊಂಡು ಹೋದವರು ವಾಪಸ್ ಬರುತ್ತಿದ್ದರು. ನಾನು ತಳ್ಳಿಕೊಂಡು ಹೋದವರಲ್ಲಿ ಬಹಳ ಜನ ಬರುತ್ತಿರಲಿಲ್ಲ. ಡಾಕ್ಟರು ಯಾರು, ಕಾಯಿಲೆ ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಗಾಡಿ ಹಿಡಿದವನು ಯಾರು ಅಂತಲೇ ನೋಡುತ್ತಿದ್ದರು. "ಅಣ್ಣಾ, ಬೇಜಾರು ಮಾಡ್ಕೋಬೇಡಿ, ನಮ್ಮಮ್ಮನ್ನ ಆ ಇನ್ನೊಬ್ರು ಕರ್ಕೊಂಡು ಹೋಗ್ಲಿ" ಎಂದು ನನ್ನ ಮುಖಕ್ಕೇ ಹೇಳಿದವರಿದ್ದಾರೆ. ಒಬ್ಬಳು ಮುದುಕಿಯಂತೂ ನನ್ನನ್ನು ಕಂಡವಳೇ ಹೊದಿಕೆ ಎಳೆದು ತಾನೇ ಮುಖ ಮುಚ್ಚಿಕೊಂಡಳು. "ಅಜ್ಜಿ, ಅಷ್ಟೊಂದು ಅವಸರ ಯಾಕೆ, ಇನ್ನೂ ಉಸಿರಾಡ್ತಿದ್ದೀರಿ" ಎಂದೆ. ನಗಲಿಲ್ಲ.

ಅವನ ರೀತಿಯೇ ಬೇರೆ. ಗಾಡಿ ಹಿಡಿಯುವ ಮೊದಲು ಸೋಪು ಹಾಕಿ ಕೈ ತೊಳೆಯುತ್ತಿದ್ದ. ರೋಗಿಯ ಹಣೆಯ ಮೇಲೆ ಅಂಗೈ ಇಟ್ಟು "ಹೋಗಿ ಬರೋಣ ಬನ್ನಿ" ಎನ್ನುತ್ತಿದ್ದ. ಬರೀ 'ಹೋಗೋಣ' ಎಂದು ಅವನ ಬಾಯಲ್ಲಿ ಒಂದು ದಿನವೂ ಬರಲಿಲ್ಲ. ಎಡಕ್ಕೆ ಎಳೆಯುವ ಆ ಹಳೇ ಗಾಡಿ ಕೂಡ ಅವನ ಕೈಯಲ್ಲಿ ನೆಟ್ಟಗೆ ಹೋಗುತ್ತಿತ್ತು. ಗುಣವಾಗಿ ಮನೆಗೆ ಹೊರಟವರು ಡಾಕ್ಟರಿಗೆ ಕೈ ಮುಗಿದು, ಆಮೇಲೆ ಇವನನ್ನು ಹುಡುಕಿಕೊಂಡು ಬರುತ್ತಿದ್ದರು. ಇವನು ನಾಚಿಕೊಂಡು "ನಂದೇನಿದೆ, ಎಲ್ಲಾ ನಿಮ್ಮ ಅದೃಷ್ಟ" ಎನ್ನುತ್ತಿದ್ದ. ಹೇಳುವಾಗ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. ಮೈ ಉರಿಯುತ್ತಿತ್ತು ನನಗೆ.

ಮೈ ಉರಿಯುವುದಕ್ಕೆ ಕಾರಣವಿತ್ತು. ನನಗೆ ನಿಜ ಗೊತ್ತಿತ್ತು.

ಹತ್ತೊಂಬತ್ತು ವರ್ಷದ ಹಿಂದೆ ಅವನು ಕೆಲಸಕ್ಕೆ ಸೇರಿದ ಮೊದಲನೇ ದಿನ ಒಬ್ಬಳು ಹುಡುಗಿಯನ್ನು ತಳ್ಳಿಕೊಂಡು ಹೋದ. ಅವಳು ಬದುಕಲಿಲ್ಲ. ಅವಳ ಅಪ್ಪ ಇವನ ಕೊರಳಪಟ್ಟಿ ಹಿಡಿದು "ಎಲ್ಲಿ ಬಿಟ್ಟು ಬಂದೆ ನನ್ನ ಮಗಳನ್ನ?" ಎಂದು ಕೇಳಿದ. ಇವನು ಮೂರು ದಿನ ಬಟ್ಟೆ ಕೋಣೆಯಲ್ಲಿ ಹೊದಿಕೆಗಳ ರಾಶಿಯ ಹಿಂದೆ ಕೂತು ಅತ್ತ. ನಮ್ಮ ವಾರ್ಡಿನ ಹಿರಿಯ ನರ್ಸು, ನಾವೆಲ್ಲ ದೊಡ್ಡ ಸಿಸ್ಟರ್ ಎನ್ನುತ್ತೇವೆ, ನನ್ನನ್ನು ಮೂಲೆಗೆ ಕರೆದರು. "ಅವನು ಮೆತ್ತಗಿನ ಮನುಷ್ಯ, ಹೀಗಾದ್ರೆ ಕೆಲಸ ಬಿಟ್ಟು ಓಡ್ತಾನೆ. ನಿಂದು ಗಟ್ಟಿ ಎದೆ. ಕಷ್ಟದ ಕೇಸೆಲ್ಲ ನಿಂಗೆ ಹಾಕ್ತೀನಿ, ಹಗುರದ್ದು ಅವನಿಗೆ. ಸ್ವಲ್ಪ ದಿನ ಅಷ್ಟೇ. ಹೊಟ್ಟೆಗೆ ಹಾಕ್ಕೋ" ಎಂದರು.

ನನ್ನದು ಗಟ್ಟಿ ಎದೆ ಅಂತ ಅವರಿಗೆ ಯಾರು ಹೇಳಿದರೋ! ಆದರೂ ಹೂಂ ಎಂದೆ. ಸ್ವಲ್ಪ ದಿನ ಹತ್ತೊಂಬತ್ತು ವರ್ಷವಾಯಿತು. ಬೆಳಿಗ್ಗೆ ಸಿಸ್ಟರ್ ಫೈಲು ತೆಗೆದು ನೋಡುವುದು, ಗೋಡೆಯ ಹಲಗೆಯ ಮೇಲೆ ಹಾಸಿಗೆ ನಂಬರಿನ ಪಕ್ಕ ಒಂದು ಹೆಸರು ಬರೆಯುವುದು. ಬದುಕುವ ಲಕ್ಷಣ ಇದ್ದರೆ ಅವನ ಹೆಸರು, ಇಲ್ಲದಿದ್ದರೆ ನನ್ನದು. ಯಾರಾದರೂ ಬದಲಾಯಿಸಿ ಎಂದು ಕೇಳಿದರೆ "ಸರದಿ ಪ್ರಕಾರ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಹೀಗೆ ಅವನ ಕೈಗೆ ಗುಣ ಬಂತು, ನನ್ನ ಕೈಗೆ ಕೆಟ್ಟ ಹೆಸರು ಬಂತು. ಅವನಾದರೂ ಒಂದು ದಿನ 'ಇದೇನು, ಯಾವಾಗಲೂ ನನ್ನದೇ ಒಳ್ಳೇದಾಗ್ತಿದೆಯಲ್ಲ' ಎಂದು ಯೋಚಿಸಬೇಡವೇ? ಒಳ್ಳೆಯದಾಗುತ್ತಿರುವಾಗ ಯಾರು ಯೋಚಿಸುತ್ತಾರೆ ಹೇಳಿ.

ನಾನು ಬಾಯಿ ಬಿಡದೆ ಇದ್ದದ್ದಕ್ಕೆ ಸಿಸ್ಟರ್ ಒಬ್ಬರೇ ಕಾರಣವಲ್ಲ. ಅವನ ಹೆಂಡತಿಯೂ ಕಾರಣ. ನಾನು ಅತ್ತಿಗೆ ಎನ್ನುತ್ತಿದ್ದೆ. ಮನೆಯಲ್ಲಿ ಕೂತು ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದಳು. ನನಗೆ ಮನೆಯವಳು ಇಲ್ಲವೆಂದು ತಿಳಿದ ದಿನದಿಂದ ಗಂಡನ ಊಟದ ಡಬ್ಬಿಯ ಜೊತೆ ಇನ್ನೊಂದು ಡಬ್ಬಿ ಕಳಿಸುತ್ತಿದ್ದಳು. ಹೋದಾಗಲೆಲ್ಲ ಗಂಡನನ್ನು ಆಡಿಕೊಳ್ಳುವುದೇ ಅವಳ ಕೆಲಸ. "ನೋಡಿ, ಊರಿಗೆಲ್ಲ ಕೈಗುಣ. ಮನೇಲಿ ಇವ್ರು ಮುಟ್ಟಿದ ನಲ್ಲಿ ಸೋರುತ್ತೆ, ಹೊಡೆದ ಮೊಳೆ ಬೀಳುತ್ತೆ" ಎನ್ನುತ್ತಿದ್ದಳು. ಅವನು ನಗುತ್ತಾ ಕೂತಿರುತ್ತಿದ್ದ. ಮಕ್ಕಳಿರಲಿಲ್ಲ. ಅವರಿಬ್ಬರಿಗೆ ಅವರಿಬ್ಬರೇ. ಅನ್ನ ಹಾಕಿದ ಆ ಮನೆಯ ಸಂತೋಷಕ್ಕೆ ಕಲ್ಲು ಹಾಕಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಅಂಥ ಅತ್ತಿಗೆಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದಾಗ ಅದು ಆಗಲೇ ಲಿವರಿಗೂ ಹಬ್ಬಿತ್ತು. ನಮ್ಮದೇ ವಾರ್ಡು, ಒಂಬತ್ತನೇ ಹಾಸಿಗೆ. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಆಪರೇಷನ್ ಮಾಡಿದರೆ ನೂರಕ್ಕೆ ಹತ್ತು ಜನ ಉಳಿಯಬಹುದು, ಉಳಿದರೆ ಕೆಲವು ವರ್ಷ ಸಿಗಬಹುದು. ಬೇಡವೆಂದರೆ ನಾಲ್ಕೈದು ತಿಂಗಳು, ನೋವಿಗೆ ಔಷಧಿ ಕೊಟ್ಟು ಮನೆಯಲ್ಲೇ ನೋಡಿಕೊಳ್ಳಬಹುದು.

"ಮನೆಗೆ ಹೋಗೋಣ" ಎಂದಳು ಅತ್ತಿಗೆ.

ಅವನು ಕೇಳಬೇಕಲ್ಲ! ಹಾಸಿಗೆಯ ಪಕ್ಕ ಕೂತು ಎರಡು ದಿನ ಅವಳ ತಲೆ ತಿಂದ. "ಆ ಮೊದಲನೇ ದಿನದ ಹುಡುಗಿ ಬಿಟ್ರೆ, ನಾನು ತಳ್ಕೊಂಡು ಹೋದವರು ಯಾರು ವಾಪಸ್ ಬಂದಿಲ್ಲ ಹೇಳು? ಒಬ್ಬರ ಹೆಸರು ಹೇಳು ನೋಡೋಣ. ನಿನ್ನನ್ನ ನಾನೇ ತಳ್ಕೊಂಡು ಹೋಗ್ತೀನಿ, ನಾನೇ ಕರ್ಕೊಂಡು ಬರ್ತೀನಿ." ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರೆ, ಇವನು ತನ್ನ ಕೈಯನ್ನೇ ಆಸರೆ ಮಾಡಿಕೊಂಡಿದ್ದ. ಮೂರನೇ ದಿನ ಅವಳು "ಆಯ್ತು" ಎಂದಳು. ನಾನು ಬಾಗಿಲ ಹತ್ತಿರ ನಿಂತು ಎಲ್ಲಾ ಕೇಳಿಸಿಕೊಂಡೆ, ಸುಮ್ಮನಿದ್ದೆ. ಹತ್ತು ಅಂದರೆ ಸೊನ್ನೆ ಅಲ್ಲವಲ್ಲ, ಯಾರಿಗೆ ಗೊತ್ತು ಎಂದುಕೊಂಡೆ. ಆಸೆ ಅನ್ನುವುದು ಅಡ್ಡಬೆಕ್ಕಿಗೂ ಇರುತ್ತದೆ.

ಆಪರೇಷನ್ ದಿನ ಬೆಳಿಗ್ಗೆ ಏಳೂವರೆಗೆ ನಾನು ಹಲಗೆ ನೋಡಿದೆ. ಒಂಬತ್ತನೇ ಹಾಸಿಗೆಯ ಪಕ್ಕ ನನ್ನ ಹೆಸರಿತ್ತು.

ದೊಡ್ಡ ಸಿಸ್ಟರ್ ಬೇಕೆಂದು ಬರೆದದ್ದಲ್ಲ. ಆಮೇಲೆ ಅವರೇ ತಲೆ ತಲೆ ಚಚ್ಚಿಕೊಂಡು ಹೇಳಿದರು. ಎಂದಿನಂತೆ ಫೈಲು ತೆರೆದಿದ್ದಾರೆ, ಒಳಗಿದ್ದದ್ದನ್ನು ಓದಿದ್ದಾರೆ, ಕೈ ತಾನಾಗಿಯೇ ನನ್ನ ಹೆಸರು ಬರೆದಿದೆ. ಹತ್ತೊಂಬತ್ತು ವರ್ಷದ ಅಭ್ಯಾಸ. ಅಳಿಸೋಣವೆಂದು ನಾನು ಒರೆಸುವ ಬಟ್ಟೆ ತೆಗೆದುಕೊಳ್ಳುವಷ್ಟರಲ್ಲಿ ಅವನು ಬಂದ. ಕೈ ತೊಳೆದು ಬಂದಿದ್ದ, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಇದೇನಿದು? ಯಾರು ಬರೆದಿದ್ದು?"

"ಏನೋ ತಪ್ಪಾಗಿದೆ. ನೀನೇ ತಳ್ಕೊಂಡು ಹೋಗು. ನಾನು ಅಳಿಸ್ತೀನಿ."

"ನೀನೇ ಹೇಳಿ ಬರೆಸಿದ್ದೀಯಾ. ಹೊಟ್ಟೆಕಿಚ್ಚು ನಿಂಗೆ, ನಂಗೊತ್ತಿಲ್ವಾ?"

"ಬಾಯಿಗೆ ಬಂದಂಗೆ ಮಾತಾಡಬೇಡ."

"ನನ್ನ ಹೆಂಡತೀನ ನೀನು ಮುಟ್ಟಬೇಡ. ನಿನ್ನ ದರಿದ್ರದ ಕೈ ಆ ಗಾಡಿ ಮೇಲೆ ಬೀಳಬಾರದು. ಎಷ್ಟು ಜನರನ್ನ ತಿಂದಿದ್ದೀಯೋ, ಅವಳೊಬ್ಬಳನ್ನ ಬಿಡು!"

ಹತ್ತೊಂಬತ್ತು ವರ್ಷ ಊರೆಲ್ಲ ಅಂದದ್ದನ್ನು ನುಂಗಿದ್ದೆ. ಅವನು ಅಂದದ್ದು ಗಂಟಲಲ್ಲಿ ಇಳಿಯಲಿಲ್ಲ. "ದರಿದ್ರದ ಕೈಯೇನೋ ಇದು?" ಎಂದು ಅವನ ಮುಖದ ಹತ್ತಿರ ಕೈ ಹಿಡಿದೆ. "ನೀನು ಅಳ್ತಾ ಕೂತಿದ್ದೆ ಅಂತ ಸಾಯೋರನ್ನೆಲ್ಲ ನನಗೆ ಹಾಕಿ, ಬದುಕೋರನ್ನ ಮಾತ್ರ ನಿಂಗೆ ಹಾಕಿದ್ದಾರೆ ಕಣೋ! ನಿಂಗೆ ಕೈಗುಣಾನೂ ಇಲ್ಲ, ಕಾಲ್ಗುಣಾನೂ ಇಲ್ಲ. ಸಿಸ್ಟರ್ ಫೈಲು ನೋಡಿ ಬರೀತಾರೆ, ಹೋಗಿ ಕೇಳು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿ ಮುಗಿಸುವಷ್ಟರಲ್ಲೇ ನನ್ನ ನಾಲಿಗೆಯನ್ನು ಕಿತ್ತು ಎಸೆಯಬೇಕು ಅನ್ನಿಸಿತು. ಅವನು ಕೂಗಾಡಲಿಲ್ಲ. ಹಲಗೆಯನ್ನು ನೋಡಿದ, ನನ್ನನ್ನು ನೋಡಿದ. ಬಹಳ ಮೆಲ್ಲಗೆ, ಲೆಕ್ಕ ಕಲಿಯುವ ಮಗು ಕೇಳುವ ಹಾಗೆ ಕೇಳಿದ: "ಹಂಗಾದ್ರೆ ಇವತ್ತು ಫೈಲು ನೋಡಿ ನಿನ್ನ ಹೆಸರು ಬರೆದಿದ್ದಾರೆ ಅಂದ್ರೆ..."

ಅವನು ಸೀದಾ ಒಂಬತ್ತನೇ ಹಾಸಿಗೆಗೆ ಹೋದ. ನಾನೂ ಹಿಂದೆ ಓಡಿದೆ.

ಅತ್ತಿಗೆ ಹಸಿರು ಬಟ್ಟೆ ತೊಟ್ಟು, ಜಡೆ ಕಟ್ಟಿಸಿಕೊಂಡು ತಯಾರಾಗಿ ಮಲಗಿದ್ದಳು. ಅವನು ಹಾಸಿಗೆಯ ಪಕ್ಕ ಕುಕ್ಕರಿಸಿ ಎಲ್ಲಾ ಹೇಳಿದ. ಒಂದನ್ನೂ ಬಿಡಲಿಲ್ಲ. ಕೊನೆಗೆ "ನನ್ನ ಕೈಯಲ್ಲಿ ಏನೂ ಇಲ್ವಂತೆ ಕಣೇ. ನಿಂಗೆ ಸುಳ್ಳು ಹೇಳಿ ಒಪ್ಪಿಸಿಬಿಟ್ಟೆ" ಎಂದು ಅವಳ ಹೊದಿಕೆಗೆ ಮುಖ ಒತ್ತಿಕೊಂಡು ಬಿಕ್ಕಿದ.

ಅವಳು ಅವನ ತಲೆ ಸವರಿದಳು. "ಗೊತ್ತಿತ್ತು ಬಿಡಿ. ಇಪ್ಪತ್ತು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದ್ದೀನಿ, ನಿಮ್ಮ ಕೈಯಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ವಾ?"

"ಮತ್ತೆ ಯಾಕೆ ಹೂಂ ಅಂದೆ?"

"ಬೇಡ ಅಂದ್ರೆ ನಿಮ್ಮ ಕೈ ಮೇಲೆ ನನಗೇ ನಂಬಿಕೆ ಇಲ್ಲ ಅಂದಂಗಾಗ್ತಿತ್ತು. ನಾನು ಹೋದ ಮೇಲೆ ನಿಮಗೆ ಅದೊಂದಾದ್ರೂ ಉಳೀಲಿ ಅಂತ." ಆಮೇಲೆ ನನ್ನ ಕಡೆ ತಿರುಗಿ "ಅದನ್ನೂ ನೀವು ಹಾಳು ಮಾಡಿದ್ರಿ" ಎಂದು ನಕ್ಕಳು. ತಮಾಷೆಗೇ ಹೇಳಿದ್ದು. ನನಗೆ ಮಾತ್ರ ಅದು ಇವತ್ತಿಗೂ ತಮಾಷೆಯಾಗಿಲ್ಲ.

"ನೂರಕ್ಕೆ ಹತ್ತು ಅಂದಿದ್ದಾರೆ. ಹೋಗಿ ನೋಡೋಣ್ವಾ?" ಎಂದು ಅವನು ಕೇಳಿದ.

"ಆ ಹತ್ತರ ಹಿಂದೆ ಓಡೋ ಶಕ್ತಿ ನನಗಿಲ್ಲ ರೀ. ಮೊದಲು ಹೇಳಿದ್ದೇ ಈಗಲೂ. ನಾಲ್ಕೈದು ತಿಂಗಳು ಇದೆ ಅಂದ್ರಲ್ಲ, ಮನೇಲಿ ಜೊತೆಗಿರೋಣ."

ಅವತ್ತು ಮಧ್ಯಾಹ್ನವೇ ಮನೆಗೆ ಹೋದರು. ಅವನು ರಜೆ ಹಾಕಿದ. ಅಡಿಗೆ ಕಲಿತ, ಅವಳ ಹೊಲಿಗೆ ಯಂತ್ರದ ಮುಂದೆ ಕೂತು ಅವಳು ಹೇಳಿಕೊಟ್ಟ ಹಾಗೆ ಅರ್ಧಕ್ಕೆ ನಿಂತಿದ್ದ ಎರಡು ಪರದೆಗಳ ಅಂಚು ಹೊಲಿದ. ಹೊಲಿಗೆ ಹಾವಿನ ಹಾಗೆ ಹೋಗಿತ್ತು. ನಾನು ಸಂಜೆ ಹೋದರೆ ಅವಳು ದಿಂಬಿಗೆ ಒರಗಿಕೊಂಡು ಅದನ್ನು ತೋರಿಸಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಇನ್ನೂ ತಿಂಗಳುಗಳಿವೆ ಎಂದೇ ಮೂವರೂ ನಂಬಿದ್ದೆವು.

ತಿಂಗಳುಗಳಿರಲಿಲ್ಲ. ಇಪ್ಪತ್ತಮೂರನೇ ದಿನ ಬೆಳಿಗ್ಗೆ ಅವಳು ಹೋಗಿಬಿಟ್ಟಳು. ಡಾಕ್ಟರನ್ನು ಕೇಳಿದೆ. "ಕೆಲವು ಸಲ ಹೀಗಾಗುತ್ತೆ" ಎಂದರು. ಅಷ್ಟೇ. ಅದೃಷ್ಟ ಕೈಕೊಡುವಾಗ ಕಾರಣ ಹೇಳಿ ಕೈಕೊಡುವುದಿಲ್ಲ.

ಅವನು ಕೆಲಸಕ್ಕೆ ಮರಳಿದ ದಿನ ದೊಡ್ಡ ಸಿಸ್ಟರ್ ಮುಂದೆ ನಿಂತು "ಇನ್ಮೇಲೆ ಫೈಲು ನೋಡಬೇಡಿ, ಸರದಿ ಅಂದ್ರೆ ಸರದಿ" ಎಂದ. ಹಾಗೇ ನಡೆಯುತ್ತಿದೆ. ಅವನು ತಳ್ಳಿಕೊಂಡು ಹೋದವರೂ ಈಗ ಸಾಯುತ್ತಾರೆ, ನಾನು ತಳ್ಳಿಕೊಂಡು ಹೋದವರೂ ಬದುಕುತ್ತಾರೆ. ಮೊನ್ನೆ ಯಾರೋ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ನಾನು ಕೈ ಕಿತ್ತುಕೊಂಡೆ.

ಊಟದ ಹೊತ್ತಿಗೆ ಇಬ್ಬರೂ ಲಿಫ್ಟಿನ ಪಕ್ಕದ ಬೆಂಚಿನ ಮೇಲೆ ಕೂರುತ್ತೇವೆ. ಅವನು ಎರಡು ಡಬ್ಬಿ ತರುತ್ತಾನೆ, ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ತಿನ್ನುತ್ತಾ ತಿನ್ನುತ್ತಾ ಕೈ ನಿಲ್ಲಿಸಿ ಅದೇ ಒಂದು ಪ್ರಶ್ನೆ ಕೇಳುತ್ತಾನೆ.

"ಅವತ್ತು ಒಳಗೆ ಹೋಗಿದ್ರೆ, ಅವಳು ಬರ್ತಿದ್ಲೇನೋ ಅಲ್ವಾ?"

"ಇಲ್ಲ ಕಣೋ. ಬರ್ತಿರಲಿಲ್ಲ."

"ನಿಜ ತಾನೇ?"

"ನಿಜ."

ನನಗೇನು ಗೊತ್ತು? ನೂರಕ್ಕೆ ಹತ್ತು ಎಂದಿದ್ದರು. ಆ ಬೆಳಿಗ್ಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳು ಆ ಹತ್ತರಲ್ಲಿ ಒಬ್ಬಳಾಗಿರುತ್ತಿದ್ದಳೋ ಏನೋ. ಅವನಿಗೆ ನಿಜ ಬೇಕೆಂದಾಗಲೆಲ್ಲ ನನ್ನ ಹತ್ತಿರ ಇರುವುದು ಈ ಒಂದು ಸುಳ್ಳು. ಅವನಿಗೂ ಅದು ಗೊತ್ತಿದೆ. ಆದರೂ ನಾನು ಹೇಳುವವರೆಗೆ ತುತ್ತು ಎತ್ತುವುದಿಲ್ಲ. ಹೇಳಿದ ಮೇಲೆ "ಹೂಂ" ಎಂದು ತಲೆ ಬಗ್ಗಿಸಿ ಊಟ ಮಾಡುತ್ತಾನೆ.