ಶಾಲೆಯ ಮೆಟ್ಟಿಲ ಮೇಲೆ ನೀನೊಬ್ಬಳೇ

ಚಿಕ್ಕತಾಯಿ, ಆ ದಿನ ನಿನ್ನ ಜೊತೆಯ ಮಕ್ಕಳು ಶಾಲೆಯ ಹತ್ತಿರ ಬರದಂತೆ ತಡೆದವಳು ನಾನು. ನಿನಗೆ ತಲೆ ಸರಿಯಿಲ್ಲ ಎಂದದ್ದೂ ನಾನೇ. ಅದು ನಿನಗೆ ಗೊತ್ತು, ನಿನ್ನೆದುರಿಗೇ ಅಂದೆನಲ್ಲ. ಮಕ್ಕಳ ವಿಷಯ ನಿನಗೆ ಗೊತ್ತಿಲ್ಲ. ಅದನ್ನು ಹೇಳದೆ ಸಾಯಬಾರದು ಎಂದು ಬರೆಯಲು ಕೂತಿದ್ದೇನೆ. ಮೂರನೇ ಕ್ಲಾಸು ಓದಿದ ಕೈ — ಅಕ್ಷರ ಸೊಟ್ಟಗಿದ್ದರೆ ಇರಲಿ.

ಆಗ ಕಾಡಿನಲ್ಲಿ ಬಂದೂಕು ಹಿಡಿದ ಗುಂಪೊಂದಿತ್ತು. ಅವರನ್ನು ಹಿಡಿಯಲು ಪೊಲೀಸ್ ಪಡೆ ಬಂದು ನಮ್ಮೂರ ಶಾಲೆಯಲ್ಲೇ ಬಿಡಾರ ಹೂಡಿತು. ಮಕ್ಕಳು ಕೂರುತ್ತಿದ್ದ ಕೋಣೆಯಲ್ಲಿ ಬಂದೂಕು, ಕಿಟಕಿಗೆ ಮರಳಿನ ಮೂಟೆ. ಮೇಷ್ಟರನ್ನು ಬೇರೆ ಊರಿಗೆ ಹಾಕಿದರು. ನಾನು ಪಡೆಯ ಅಡುಗೆಯವಳಾದೆ. ಮನೆಯಲ್ಲಿ ಹಸಿವಿತ್ತು ಎಂದು ಬರೆಯಬಹುದಿತ್ತು — ಇರಲಿಲ್ಲ. ರಾಗಿ ಇತ್ತು. ನನಗೆ ಅನ್ನದ ರುಚಿ ಹತ್ತಿತ್ತು, ಅಷ್ಟೆ. ಸಾಹೇಬರ ಅಡುಗೆಯವಳು ಎಂಬ ಗತ್ತು ಬೇರೆ.

ಉಳಿದ ಮಕ್ಕಳು ಆಡು ಮೇಯಿಸಲು, ಚೆಂಡುಹೂವು ಕೀಳಲು ಹೋದರು. ನೀನು ಮಾತ್ರ ದಿನಾ ಎಣ್ಣೆ ಹಚ್ಚಿ ತಲೆ ಬಾಚಿ, ಯೂನಿಫಾರಂ ಹಾಕಿಕೊಂಡು ಬಂದು ಕಾವಲಿನವನ ಮುಂದೆ ನಿಲ್ಲುತ್ತಿದ್ದೆ.

"ಇಲ್ಲೇನ್ ಕೆಲ್ಸ ಕಣಮ್ಮಿ ನಿಂಗೆ?" ನಾನು ಗದರಿಸಿದರೆ —

"ನನ್ ಕ್ಲಾಸು ಒಳ್ಗದೆ ದೊಡ್ಡವ್ವ. ಇವ್ರು ಎದ್ದೋದ್ರೆ ಕೂತ್ಕತೀನಿ."

ಕಾವಲಿನವನೇ ನಕ್ಕುಬಿಟ್ಟಿದ್ದ. ಅಷ್ಟು ಸಣ್ಣ ಹುಡುಗಿಗೆ ಆ ಎದೆ ಎಲ್ಲಿಂದ ಬಂತೋ! ಆಗ ಕೋಪ ಬರುತ್ತಿತ್ತು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಯಾರೋ ದೂರು ಕೊಟ್ಟಿದ್ದರು. ಶಾಲೆ ನಡೆಯುತ್ತಿದೆಯೋ ಇಲ್ಲವೋ ನೋಡಲು ಚಾಮರಾಜನಗರದಿಂದ ಒಬ್ಬ ಸಾಹೇಬರು ಬರುತ್ತಾರೆ ಎಂದು ಸುದ್ದಿ ಬಂತು. ನೀನು ಮನೆಮನೆಗೆ ಹೋಗಿ ಮಕ್ಕಳಿಗೆ ಹೇಳಿದೆ — ಸ್ಲೇಟು ತಗೊಂಡು ಬನ್ನಿ, ಮೆಟ್ಟಿಲ ಮೇಲೆ ಕೂರೋಣ, ನಮಗೆ ಜಾಗ ಇಲ್ಲದ್ದು ಅವರ ಕಣ್ಣಿಗೇ ಕಾಣಲಿ. ಅದು ನನ್ನ ಕಿವಿಗೂ ಬಿತ್ತು. ಪಡೆ ಎದ್ದು ಹೋದರೆ ನನ್ನ ಕೆಲಸವೂ ಹೋಗುತ್ತದೆ.

ಯಾರೂ ನನಗೆ ಹೇಳಿಕೊಡಲಿಲ್ಲ. ಕೆರೆಯಾಚೆಯ ಮಾದಪ್ಪನ ಗುಡಿಯಲ್ಲಿ ಹರಕೆ ಇದೆ ಎಂದು ಸುಳ್ಳು ಹೇಳಿ, ಪಡೆಯ ಅಕ್ಕಿ, ಪಡೆಯ ಬೆಲ್ಲದಲ್ಲೇ ಪಾಯಸ ಕಾಯಿಸಿ, ಸಾಹೇಬರು ಬರುವ ದಿನ ಬೆಳಿಗ್ಗೆ, ನಿನ್ನೊಬ್ಬಳನ್ನು ಬಿಟ್ಟು ಉಳಿದ ಮಕ್ಕಳನ್ನೆಲ್ಲ ಅಲ್ಲಿಗೆ ಕರೆದೆ. ಮಾದಪ್ಪನ ಪ್ರಸಾದ ಬೇಡ ಎನ್ನುವ ಮಗು ನಮ್ಮ ಕಡೆ ಉಂಟೇ? ಅವರನ್ನು ಎಲೆಯ ಮುಂದೆ ಕೂರಿಸಿ, ಬಡಿಸಲು ನನ್ನ ತಂಗಿಯನ್ನು ಬಿಟ್ಟು, ಶಾಲೆಗೆ ಓಡಿ ಬಂದೆ.

ಮೆಟ್ಟಿಲ ಮೇಲೆ ನೀನೊಬ್ಬಳೇ ಕೂತಿದ್ದೆ.

ಬೇರೆ ಮಕ್ಕಳೆಲ್ಲಿ ಎಂದು ಸಾಹೇಬರು ಕೇಳಿದರು. "ಬತ್ತಾವ್ರೆ ಸಾ, ಈಗ ಬತ್ತಾರೆ" ಎನ್ನುತ್ತ ನೀನು ದಾರಿ ನೋಡುತ್ತಿದ್ದೆ. ಟೀ ಲೋಟ ಹಿಡಿದು ನಿಂತಿದ್ದ ನಾನು ಬಾಯಿ ಹಾಕಿದೆ —

"ಈ ಮಗೀಗ್ ತಲೆ ಸರಿ ಇಲ್ಲ ಸಾಮಿ. ಮಿಕ್ಕಿದ್ ಮಕ್ಳೆಲ್ಲ ಬ್ಯಾರೆ ತಾವ ಓದ್ತಾವೆ."

ಅವರು ಟೀ ಕುಡಿದು ಹೊರಟರು. ಆ ವರ್ಷ ಶಾಲೆ ತೆರೆಯಲಿಲ್ಲ. ನನ್ನ ಮಾತು ಮಾತ್ರ ಊರಲ್ಲಿ ಉಳಿಯಿತು — ನಿನಗೆ ‘ತಲೆಕೆಟ್ಟ ಚಿಕ್ಕತಾಯಿ’ ಎಂದೇ ಹೆಸರಾಯಿತು. ಜೊತೆಯವರಿಗೆ ನಿನ್ನ ಮುಖ ನೋಡಲು ನಾಚಿಕೆ, ಯಾಕೆ ಬರಲಿಲ್ಲ ಎಂದು ನೀನೂ ಕೇಳಲಿಲ್ಲ. ನಿನ್ನವ್ವ ನಿನ್ನನ್ನು ಸಂತೆಮರಹಳ್ಳಿಗೆ, ಮಾವನ ಮನೆಗೆ ಕಳಿಸಿಬಿಟ್ಟಳು. ಮುಂದೆ ಹೆಣ್ಣು ನೋಡಲು ಬಂದವರು ಆ ಮಾತು ಕೇಳಿ ಜಗಲಿಯಿಂದಲೇ ಎದ್ದು ಹೋದಾಗ, "ಒಳ್ಳೇದಾಯ್ತು ಬುಡವ್ವ, ಓದ್ಕತೀನಿ" ಅಂದೆಯಂತೆ. ಓದಿದೆ. ವಕೀಲೆಯಾದೆ.

ಹೋದ ತಿಂಗಳು ಗುಂಡ್ಲುಪೇಟೆಯ ಹೆಂಗಸರ ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿದ್ದೆ. ನೀನು ಹೇಳುತ್ತಿದ್ದೆ — ಶಾಲೆಯಲ್ಲಿ ಪಡೆ ಬಿಡಾರ ಹೂಡಿದರೆ ಎಬ್ಬಿಸಲು ಕೋರ್ಟಿಗೆ ಹೋಗಬಹುದು; ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ; ಬಂದೂಕಿನ ಗುಂಪುಗಳು ಮಗುವನ್ನು ಸೇರಿಸಿಕೊಂಡರೆ ಅಪರಾಧ ಮಗುವಿನದಲ್ಲ, ಸೇರಿಸಿಕೊಂಡವರದು. ಒಂದು ಹಾಳೆಯನ್ನೂ ನೋಡದೆ, ರಾಗಿ ಬೀಸಿದ ಹಾಗೆ ನಿಲ್ಲದೆ ಹೇಳಿದೆ. ಕಾನೂನೆಂದರೆ ನಮ್ಮಂಥವರನ್ನು ಹೆದರಿಸಲು ಇರುವುದು ಎಂದುಕೊಂಡಿದ್ದೆ ನಾನು. ಈ ಹೆಣ್ಣು ನಮ್ಮೂರಿನದು ಎಂದು ಪಕ್ಕದವಳಿಗೆ ಹೇಳಬೇಕೆನಿಸಿತು — ಯಾವ ಬಾಯಲ್ಲಿ ಹೇಳಲಿ?

ಈ ಕೆಲಸಕ್ಕೆ ಯಾಕೆ ಬಂದೆ ಎಂದು ಒಬ್ಬಳು ಕೇಳಿದಳು.

"ಚಿಕ್ಕೋಳಿದ್ದಾಗ ನನ್ ಮಾತ ಒಬ್ರೂ ನಂಬ್ನಿಲ್ಲ ಕಣಕ್ಕ. ಬತ್ತೀವಿ ಅಂದಿದ್ದ ಜೊತೆಗಾರ್ರೂ ಬರ್ನಿಲ್ಲ. ಪಾಪ, ಎದ್ರುಬುಟ್ಟಿದ್ರು."

ನನ್ನ ಹೆಸರೆತ್ತಲಿಲ್ಲ ನೀನು. ಕೆಳಗಿಳಿದು ಬಂದು, "ಊಟ ಮಾಡ್ದಾ ದೊಡ್ಡವ್ವ?" ಎಂದು ನನ್ನ ಕೈ ಹಿಡಿದೆ.

ಅವರು ಹೆದರಿರಲಿಲ್ಲ, ತಾಯಿ. ಅವರು ಮಾಡದ ತಪ್ಪನ್ನು ಇಷ್ಟು ವರ್ಷ ಕ್ಷಮಿಸಿಕೊಂಡು ಬಂದಿದ್ದೀಯ. ಮುಂದಿನ ಸಭೆಯಲ್ಲಿ ಇದನ್ನು ಎಲ್ಲರ ಮುಂದೆ ಹೇಳುತ್ತೇನೆ. ಆ ದಿನ ನಿನ್ನ ಗೆಳತಿ ಭಾಗ್ಯ ಗುಡಿಯಲ್ಲಿ ಎಲೆಯ ಮುಂದೆ ಕೂರಲು ಮೊದಲು ಒಪ್ಪಲೇ ಇಲ್ಲ. "ಚಿಕ್ತಾಯಿ ಕಾಯ್ತಾವ್ಳೆ, ಓಗ್ಬೇಕು ದೊಡ್ಡವ್ವ" ಎಂದಳು.

"ಉಂಡ್ಬುಟ್ಟು ಓಗಮ್ಮಿ, ಸಾಯೇಬ್ರು ಬರಾದು ಸಂಜೇಗೆ" ಎಂದೆ ನಾನು.

ಅವರೆಲ್ಲ ಸ್ಲೇಟು ತಂದಿದ್ದರು, ಚಿಕ್ಕತಾಯಿ. ಗುಡಿಯ ಗೋಡೆಗೆ ಸಾಲಾಗಿ ಒರಗಿಸಿಟ್ಟು ಉಣ್ಣಲು ಕೂತಿದ್ದರು.