ಗೋಂದಿನ ಕೆಳಗಿನ ಊರು

ಅಕ್ಕಪಕ್ಕದ ಎರಡು ಪುರಸಭೆಗಳು ಸೇರಿ ಗಡಿಯಲ್ಲಿ ಒಂದೇ ಕಸದ ಜಾಗ ಮಾಡಿಕೊಂಡರೆ ತಪ್ಪೇನು? ತಪ್ಪಿಲ್ಲ. ಈಗಲೂ ಆ ಪಕ್ಷ ಹಿಡಿದು ವಾದಿಸಬಲ್ಲೆ. ಯಾವ ಪುರಸಭೆಗಳು ಎಂದು ಹೇಳುವುದಿಲ್ಲ. ಎರಡು ಸಾವಿರದ ನಂತರದ ವರ್ಷಗಳವು. ನಾನು ಚಿಂತಾಮಣಿಯಲ್ಲಿ ಬಿ.ಎ. ಓದುತ್ತಿದ್ದೆ, ಚರ್ಚಾಸ್ಪರ್ಧೆಗೆ ಹೋದಲ್ಲೆಲ್ಲ ಗೆಲ್ಲುತ್ತಿದ್ದೆ.

ಗಡಿಯಲ್ಲಿ ನನ್ನ ಸೋದರತ್ತೆಯ ಹಳ್ಳಿ, ಮೂವತ್ತು ಮನೆ. ಅತ್ತೆ ರೇಷ್ಮೆಹುಳು ಸಾಕುತ್ತಿದ್ದಳು. ಹೊಗೆ ತಾಗಿದರೆ ಹುಳು ಉಳಿಯುವುದಿಲ್ಲವೆಂದು, ಬೀಡಿ ಸೇದಿ ಬಂದವರನ್ನು ಹುಳುಮನೆಯ ಹೊಸ್ತಿಲಿಗೂ ಸೇರಿಸುತ್ತಿರಲಿಲ್ಲ. ಅದೇ ಹಳ್ಳಿಯ ಗೋಮಾಳದಲ್ಲಿ ಎರಡೂ ಊರಿನ ಕಸ ಸುರಿದು ಸುಡುವ ಯೋಜನೆ.

ಜಂಟಿ ಸಭೆಗೆ ನಾನೂ ಹೋದೆ. ಎರಡೂ ಕಡೆಯವರು ತಮ್ಮ ತಮ್ಮ ನಕ್ಷೆ ತಂದು, ಅಂಚಿನ ಮೇಲೆ ಅಂಚಿಟ್ಟು, ಗೋಂದು ಹಚ್ಚಿ ಗೋಡೆಗೆ ತೂಗುಹಾಕಿದ್ದರು. ಮೇಲಿನ ಹಾಳೆಯ ಅಂಚು ಖಾಲಿ ಬಿಳಿ. ನಾನು ಎದ್ದು ಹೋಗಿ ಉಗುರಿನಿಂದ ಕೆರೆದು ಎತ್ತಿದೆ. ಕೆಳಗಿನ ಹಾಳೆಯಲ್ಲಿ ಅತ್ತೆಯ ಹಳ್ಳಿ ಇತ್ತು.

“ಏಯ್, ಹರೀತೀಯೇನಮ್ಮಾ? ಸರ್ಕಾರದ ಕಾಗದ ಅದು!” ಎಂದರು ನಮ್ಮ ಕಡೆಯ ಇಂಜಿನಿಯರು.

“ಇಲ್ಲಿ ಊರಿದೆ ಸಾರ್. ಬಾವಿ ಸಮೇತ ಬರ್ದಿದ್ದಾರೆ.”

“ನಮ್ ನಕ್ಷೇಲಿ ಇಲ್ವಲ್ಲ.”

“ನಮ್ದರಲ್ಲಿತ್ತಪ್ಪ,” ಎಂದರು ಆಚೆ ಊರಿನವರು, “ಮೇಲೆ ಅಂಟಿಸ್ದೋರು ನೀವು.”

ಅರ್ಧ ಗಂಟೆ ಮಾತಾಡಿದೆ. ಕೊನೆಗೆ ಚಪ್ಪಾಳೆಯೇ ಬಿತ್ತು. “ಲಾಯರಮ್ಮ ಬಲೇ ಜೋರು ಕಣ್ರೀ! ಪರಿಶೀಲಿಸೋಣ,” ಎಂದರು ಅಧ್ಯಕ್ಷರು.

“ಗೆದ್ದೆ ಅತ್ತೆ, ಲಾರಿ ಬರಲ್ಲ,” ಎಂದೆ ಹಳ್ಳಿಗೆ ಹೋಗಿ. ದಾರಿಗೆ ಅಡ್ಡ ಹಾಕಿದ್ದ ಜಾಲಿಮುಳ್ಳನ್ನು ಹಳ್ಳಿಯವರು ನನ್ನ ಮಾತು ನಂಬಿ ತೆಗೆದರು.

ಮೂರನೆಯ ದಿನ ಬೆಳಿಗ್ಗೆ ಊರಿಗೊಂದರಂತೆ ಎರಡು ಲಾರಿ ಬಂದವು. ಹುಳು ಹಣ್ಣಾಗಿದ್ದವು, ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಅತ್ತೆ ಅಂಗಳದಲ್ಲಿ ಒರೆಸುತ್ತಿದ್ದಳು. ಕಸ ಸುರಿದರು, ಬೆಂಕಿ ಇಟ್ಟರು. ಟೈರು, ಪ್ಲಾಸ್ಟಿಕ್ಕು ಹತ್ತಿಕೊಂಡು ಕಪ್ಪು ಹೊಗೆ ನೇರ ಹುಳುಮನೆಗೆ ನುಗ್ಗಿತು.

ಮಾವ ಒಬ್ಬ ಡ್ರೈವರನ್ನು ಕಾಲು ಹಿಡಿದು ಕೆಳಗೆಳೆದರು. ಅವನ ತಲೆ ಫುಟ್‌ಬೋರ್ಡಿಗೆ ಬಡಿಯಿತು. ಗಂಡಸರು ಒದ್ದರು, ಹೆಂಗಸರು ಚಂದ್ರಿಕೆ ಮುರಿದು ಬಿದಿರಲ್ಲಿ ಹೊಡೆದರು. ಇನ್ನೊಂದು ಲಾರಿಯವನು ಜಾಕಿ ರಾಡಿನಿಂದ ಮಾವನ ಭುಜಕ್ಕೆ ಬಿಟ್ಟ. ಮೂಳೆ ಮುರಿದದ್ದು ನನಗೆ ಕೇಳಿಸಿತು. ನನ್ನ ಕೈಯಲ್ಲಿ ಕಲ್ಲಿತ್ತು. ಯಾವಾಗ ಎತ್ತಿಕೊಂಡೆನೋ ಗೊತ್ತಿಲ್ಲ, ಎಸೆದದ್ದು ಗೊತ್ತು. ಗುರಿಯಿಟ್ಟೇ ಎಸೆದೆ. ರಾಡು ಹಿಡಿದವನು ಎಡಗಣ್ಣು ಮುಚ್ಚಿಕೊಂಡು ಕುಸಿದ. ಬೆರಳ ಸಂದಿಯಿಂದ ರಕ್ತ ಸುರಿಯಿತು. “ವದ್ದಮ್ಮಾ, ಬೇಡಮ್ಮಾ, ನಾನ್ ಬರೀ ಡ್ರೈವರ್ರು,” ಎಂದು ಕೈಮುಗಿಯಲು ನೋಡಿದ. ಒಂದೇ ಕೈ ಖಾಲಿಯಿತ್ತು. ಅವನ ಮೇಲೂ ಒದೆಗಳು ಬಿದ್ದವು.

ಸಂಜೆ ಪೊಲೀಸರು ಬಂದರು. “ಕಣ್ಣಿಗೆ ಹೊಡ್ದೋರು ಯಾರು?”

“ಎಲ್ರೂ. ಬರ್ಕೊಳಿ,” ಎಂದಳು ಅತ್ತೆ.

ಸಬ್‌ಇನ್ಸ್‌ಪೆಕ್ಟರು ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದರು. ನನ್ನ ಮುಂದೆ ನಿಂತರು. ನಾನು ಬಾಯಿ ಬಿಡಲಿಲ್ಲ.

ಗಲಭೆಯ ಕಾರಣಕ್ಕೆ ಆ ಜಾಗ ಕೈಬಿಟ್ಟರು. ನನ್ನ ಅರ್ಧ ಗಂಟೆಯ ವಾದ ಯಾವ ಕಡತದಲ್ಲೂ ಇಲ್ಲ.

ಆ ಸಂಜೆ ಪೊಲೀಸರು ಹೋದ ಮೇಲೆ ಅತ್ತೆ ಹುಳುಮನೆಯಿಂದ ತಟ್ಟೆ ಹೊತ್ತು ತಂದಳು. ಹುಳುಗಳು ಹಸಿರು ಕಾರಿಕೊಂಡು ಮೆತ್ತಗಾಗಿದ್ದವು. “ತಗೋ ಕಣೇ, ಗುಂಡಿಗೆ ಸುರಿ,” ಎಂದಳು. “ಒಳಗೆ ಇನ್ನೂ ಇದೆ.”